ರದ್ದಿ ಅಂಗಡ್ಯಾಗ ಪುಸ್ತಕ, ಕ್ಯಾಸೆಟ್ಟು ತೊಗೊಳ್ಳೋ ಮುಂಚೆ: ಯಾರ ಮನಿದು, ಯಾರ ಕೈದು ಅಂತ ನೋಡೋದು ಹೆಂಗ

ಹೋದ ತಿಂಗಳ ನಮ್ಮ ಕಾಕಾನ ಮಗ ಊರಿಗೆ ಬಂದಿದ್ದ, ಬಳ್ಳಾರ್ಯಾಗ ಇಂಜಿನಿಯರಿಂಗ್ ಓದ್ತಾನ, ನನ್ನ ಕಪಾಟು ನೋಡ್ಕೋತ ನಿಂತಾಂವ ಒಮ್ಮಿಗೇ ಕೇಳ್ದ, "ಅಣ್ಣ, ನೀ ರದ್ದಿ ಅಂಗಡ್ಯಾಗಿಂದ 30 ರೂಪಾಯಿಗೆ ಕಾದಂಬರಿ ಹೊತ್ಕೊಂಡು ಬರ್ತಿಯಲ್ಲ, ಬರೆದವ್ರಿಗೆ ಒಂದ್ ರೂಪಾಯಿನೂ ಹೋಗಂಗಿಲ್ಲ, ಇದು ತಪ್ಪಲ್ಲೇನು?" ಅಂವ ಇದನ್ನ ಕೇಳೋವಾಗ ಅವನ ಮೊಬೈಲ್‌ನ್ಯಾಗ ಟೆಲಿಗ್ರಾಂನಿಂದ ಇಳಿಸ್ಕೊಂಡ ಪಿಡಿಎಫ್ ನಲ್ವತ್ತರ ಮ್ಯಾಲಿದ್ವು, ಅದು ಬ್ಯಾರೆ ಮಾತು ಬಿಡ್ರಿ. ಆದ್ರ ಪ್ರಶ್ನೆ ಖರೇನ ಐತಿ. ನಾನು ಕೊಪ್ಪಳದಾಂವ, ಕೆಲಸದ ಸಲುವಾಗಿ ಬಳ್ಳಾರಿ ರಾಯಚೂರು ಓಡಾಡ್ತಿರ್ತೀನಿ, ಹದಿನೈದು ವರ್ಷದಿಂದ ಹಳೇ ಪುಸ್ತಕ ಹಳೇ ಕ್ಯಾಸೆಟ್ಟು ಕೂಡಿಸ್ಕೋತ ಬಂದೀನಿ, ನಡುವ ಮೂರ್ನಾಲ್ಕು ಸಲ ತಪ್ಪೂ ಮಾಡೀನಿ. ಅದ್ರಾಗ ಕಲ್ತಿದ್ದು ಏನಂದ್ರ, ರಾಯಲ್ಟಿ, ಅಂದ್ರ ಮಾರಾಟದಾಗ ಬರೆದವ್ರಿಗೆ ಹೋಗೋ ಪಾಲು, ಅದ್ರ ಬಗ್ಗೆ ತಲಿ ಕೆಡಿಸ್ಕೊಳ್ಳೋ ಮೊದ್ಲು ಈ ಮಾಲು ಯಾರ ಮನ್ಯಾಗಿಂದ ಹೊಂಟು ಯಾರ ಕೈ ದಾಟಿ ಇಲ್ಲಿಗೆ ಬಂತು ಅಂತ ಕೇಳಿದ್ರ ಅರ್ಧಕ್ಕರ್ಧ ತಕರಾರು ಅಲ್ಲೇ ಮುಗೀತಾವ.

ಕಾನೂನಿಂದು ಮೊದ್ಲು ಮುಗಿಸಿಬಿಡೋಣ, ಅದು ಭಾಳ ಇಲ್ಲ. 1957ರ ಕಾಪಿರೈಟ್ ಕಾಯ್ದೆದಾಗ 14ನೇ ಕಲಂ ಐತಿ, ಒಮ್ಮೆ ಮಾರಾಟ ಆದ ಪ್ರತಿ ಅಂದ್ರ ಅದು ಚಲಾವಣೆಗೆ ಬಂದಾಗ್ಯಾದ ಪ್ರತಿ ಅಂತ ಅದ್ರಾಗ ಬರ್ದಾರ, ಅಂದ್ರ ನೀವು ರೊಕ್ಕ ಕೊಟ್ಟು ತೊಗೊಂಡ ಪುಸ್ತಕ ನೀವು ಮಾರ್ಬೋದು, ದಾನ ಕೊಡ್ಬೋದು, ತೂಕಕ್ಕ ಹಾಕ್ಬೋದು, ಪ್ರಕಾಶಕ್ರನ್ನ ಕೇಳ್ಬೇಕಾಗಿಲ್ಲ. ಹಾಡಿನ ಕ್ಯಾಸೆಟ್ಟು ಸಿಡಿಗೆ ಮಾತ್ರ ನಡುವ ಒಂದು ಕೊಕ್ಕಿ ಇತ್ತು. ಆ ಪ್ರತಿ ಮೊದ್ಲು ಮಾರಾಟ ಆಗಿರ್ಲಿ ಬಿಡ್ಲಿ, ಮಾರೋ ಹಕ್ಕು ಹಕ್ಕುದಾರಂದೇ ಅನ್ನೋ ಅರ್ಥದ ಮಾತು 1994ರ ತಿದ್ದುಪಡಿಯಾಗ ಬಂದಿತ್ತು, 2012ರ ತಿದ್ದುಪಡಿಯಾಗ ಅದನ್ನ ತೆಗೆದ್ರು. ಇನ್ನೊಂದು ಮಜಾ ಕೇಳ್ರಿ, 53ಎ ಅಂತ ಒಂದು ಕಲಂ ಐತಿ, ಸಾಹಿತಿ ಕೈಬರಹದ ಮೂಲ ಹಸ್ತಪ್ರತಿನೋ ಕಲಾವಿದನ ಮೂಲ ಚಿತ್ರನೋ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಆದ್ರ ಅವ್ರಿಗೂ ಅದ್ರಾಗ ಪಾಲು ಕೇಳೋ ಹಕ್ಕೈತಿ, ಹೆಚ್ಚಂದ್ರ ಶೇ. 10. ಅಚ್ಚಾದ ಪುಸ್ತಕಕ್ಕ ಆ ಹಕ್ಕಿಲ್ಲ. ನಮ್ಮ ಹುಡುಗ ಕೇಳಿದ ಪ್ರಶ್ನೆ ಕಾಯ್ದೆ ಬರೆದವ್ರ ತಲ್ಯಾಗ ಬಂದಿತ್ತು, ಅಚ್ಚಿನ ಪ್ರತಿಗೆ ಬ್ಯಾಡ ಅಂತ ಬಿಟ್ಟಂಗ ಕಾಣ್ತೈತಿ.

ಕಾನೂನು ಸುಮ್ನಾತು, ಮನಸ್ಸು ಸುಮ್ನಾಗ್ಬೇಕಲ್ಲ. 200 ರೂಪಾಯಿ ಪುಸ್ತಕಕ್ಕ ಶೇ. 10 ರಾಯಲ್ಟಿ ಅಂತ ಹಿಡೀರಿ, 20 ರೂಪಾಯಿ, ಅದು ಮೊದ್ಲನೇ ಗಿರಾಕಿ ತೊಗೊಂಡಾಗ ಬರೆದವ್ರಿಗೆ ಮುಟ್ಟಿರ್ತೈತಿ. ಮುಟ್ಟಿದ್ರ ಅಂತ ಹೇಳ್ಬೇಕು, ಯಾಕಂದ್ರ ಕನ್ನಡದಾಗ 500, 1000 ಪ್ರತಿ ಅಚ್ಚು ಹಾಕಿ ರಾಯಲ್ಟಿ ಬದ್ಲಿ ಒಂದಿಷ್ಟು ಪ್ರತಿ ಕೈಗೆ ಕೊಟ್ಟು ಕೈ ಮುಗಿಯೋ ಪದ್ಧತಿನೂ ಐತಿ, ಅವ್ರು ಆ ಪ್ರತಿ ಹೊತ್ಕೊಂಡು ಊರೂರು ತಿರುಗಿ ಮಾರ್ತಾರ. ಅದಕ್ಕ ನಾನು ಒಂದು ರೂಢಿ ಇಟ್ಕೊಂಡೀನಿ. ಬರೆದವ್ರು ಇನ್ನೂ ಅದಾರ, ಪುಸ್ತಕ ಹೊಸಾದು ಸಿಗ್ತೈತಿ, ಪ್ರಕಾಶನ ಸಣ್ಣದು, ಈ ಮೂರೂ ಕೂಡಿದ್ರ ಹೊಸಾದೇ ತೊಗೊಳ್ಳೋದು. ಮೂರ್ರಾಗ ಒಂದು ತಪ್ಪಿದ್ರ ಹಳೇದು ತೊಗೊಳ್ಳಾಕ ನನಗೇನೂ ಸಂಕೋಚ ಇಲ್ಲ, ಮರುಮುದ್ರಣ ಆಗ್ದ ಪುಸ್ತಕ ಆದ್ರಂತೂ ರದ್ದಿ ಅಂಗಡಿನೇ ಅದರ ಗತಿ, ನೀವು ಎತ್ಕೊಳ್ಳಲಿಲ್ಲ ಅಂದ್ರ ನಾಳೆ ಮಿರ್ಚಿ ಕಟ್ಟಿಕೊಡ್ತಾರ ಅದ್ರಾಗ. ಕೈಯಾಗ ರೊಕ್ಕ ಇಲ್ಲದ ವಿದ್ಯಾರ್ಥಿಗೆ ನಾನು ಈ ರೂಢಿನೂ ಹೇಳಂಗಿಲ್ಲ, ಎಲ್ಲಿ ಸೋವಿ ಸಿಗ್ತೈತಿ ಅಲ್ಲಿ ತೊಗೊಂಡು ಓದ್ಲಿ. 20 ರೂಪಾಯಿಗೆ ಓದಿ ರುಚಿ ಹತ್ತಿದಾಂವ ನೌಕರಿ ಬಂದ ಮ್ಯಾಲ ಅದೇ ಲೇಖಕರದ್ದು ಹೊಸಾದು ಹುಡುಕ್ಕೊಂಡು ಹೋಗ್ತಾನ, ನಾನು ಹಂಗೇ ಆದಾಂವ.

ಹೊಸಾದು ದುಬಾರಿ ಅನ್ನೋರು ಒಂದು ಕೆಲಸ ಮಾಡ್ರಿ, ನವೆಂಬರ್ ತನಕ ತಡೀರಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ, ಅಂದ್ರ ಪುಸ್ತಕ ಪ್ರಕಟಿಸೋ ವಿಭಾಗ, ನಮಗ ಬಸ್ಸಿನ ದಾರಿ, ಕನ್ನಡ ಪುಸ್ತಕ ಪ್ರಾಧಿಕಾರನೂ ಐತಿ, ರಾಜ್ಯೋತ್ಸವಕ್ಕ ಒಳ್ಳೆ ರಿಯಾಯ್ತಿ ಬಿಡ್ತಾರ. ಸಾಹಿತ್ಯ ಸಮ್ಮೇಳನ ಹತ್ರ ಆದ್ರ ಕೇಳೋದೇ ಬ್ಯಾಡ, 2011ರಾಗ ಗಂಗಾವತಿ, 2016ರಾಗ ರಾಯಚೂರು, ಎರಡೂ ಕಡಿ ಚೀಲ ತುಂಬಿಸ್ಕೊಂಡು ಬಂದೀನಿ, ಊಟದ ಸಾಲಿಗಿಂತ ಪುಸ್ತಕದ ಸಾಲು ನನಗ ಲಗೂ ಆತು.

ಇನ್ನ ಮುಖ್ಯ ಸಂಗತಿ, ಲೈಬ್ರರಿ ಸಿಕ್ಕಾ. ರದ್ದಿ ಅಂಗಡ್ಯಾಗ ಪುಸ್ತಕ ಕೈಗೆ ಬಂತಂದ್ರ ಮೊದ್ಲು ಬೆಲಿ ನೋಡಬ್ಯಾಡ್ರಿ, ಶೀರ್ಷಿಕೆ ಪುಟ ಅದರ ಹಿಂದಿನ ಪುಟ ನೋಡ್ರಿ, ಆಮ್ಯಾಲ ಕೊನೀ ಪುಟ. ಉದ್ದಂದು ಮೊಹರು, ಕೈಯಾಗ ಬರೆದ ಅಕ್ಸೆಷನ್ ನಂಬರು (ಲೈಬ್ರರಿ ರಿಜಿಸ್ಟರಿನ್ಯಾಗ ಆ ಪುಸ್ತಕದ ನಂಬರು), ದಿನಾಂಕದ ಚೀಟಿ ಅಂಟಿಸಿದ ಗೋಂದಿನ ಕಲಿ, ಬೆನ್ನಿನ ಮ್ಯಾಲ ನಂಬರಿನ ಲೇಬಲ್ ಕಿತ್ತಿದ ಗುರುತು ಇರ್ತಾವ. ಕಳ್ಳರು ಜಾಣರಿದ್ರ ಮೊದ್ಲ ಪುಟ ಹರೀತಾರ, ಆದ್ರ ಭಾಳ ಲೈಬ್ರರಿಯವ್ರು ನಡುವಿನ ಯಾವ್ದೋ ಒಂದು ಪುಟಕ್ಕೂ ಗುಟ್ಟಾಗಿ ಸಿಕ್ಕಾ ಒತ್ತಿರ್ತಾರ, ಅದಕ್ಕ ಸರಸರ ಹಾಳಿ ತಿರುವಿ ನೋಡ್ರಿ. ರದ್ದುಗೊಳಿಸಿದ್ದು ಅಂತ ಇನ್ನೊಂದು ಮೊಹರು ಇದ್ರ ಲೈಬ್ರರಿಯವ್ರೇ ತೆಗೆದುಹಾಕಿದ್ದು, ಧಾರಾಳ ತೊಗೊಳ್ರಿ. ಇಲ್ಲ ಅಂದ್ರ ಫೋನ್ ಹಚ್ಚಿ ಕೇಳ್ಬೇಕು, ಮುಜುಗರ ಆದ್ರೂ.

ನಾನು ಹಂಗ ಫೋನ್ ಹಚ್ಚಿ ಕೇಳಿದ್ದೊಂದು ಕತಿ ಹೇಳ್ತೀನಿ. ಆರೇಳು ವರ್ಷದ ಹಿಂದ ಬಳ್ಳಾರ್ಯಾಗ ಒಂದು ಗುಜರಿಯಾಗ ದಪ್ಪಂದು ನಿಘಂಟು ಸಿಕ್ತು, ಕೆಜಿ ಲೆಕ್ಕ, 15 ರೂಪಾಯಿಗೆ ಕೆಜಿ, ಎರಡು ಕೆಜಿ ಚಿಲ್ರೆ ತೂಗ್ತು. ಬಸ್ಸಿನ್ಯಾಗ ಕುಂತು ತೆಗೆದು ನೋಡಿದ್ರ 41ನೇ ಪುಟದಾಗ ಒಂದು ಕಾಲೇಜಿನ ನೀಲಿ ಸಿಕ್ಕಾ. ಎದಿ ಧಸಕ್ ಅಂತು. ಮರುದಿನ ಆ ಕಾಲೇಜಿನ ನಂಬರ್ ಹುಡುಕಿ ಫೋನ್ ಮಾಡಿ, ನಿಮ್ಮ ಪುಸ್ತಕ ನನ್ನ ಹತ್ರ ಐತ್ರಿ, ತಂದು ಕೊಡ್ತೀನಿ ಅಂದೆ. ಆ ಕಡಿಂದ ಗ್ರಂಥಪಾಲಕ್ರು ನಂಬರ್ ಕೇಳಿ ರಿಜಿಸ್ಟರ್ ನೋಡಿ, "ಸರ, ಅದು ಕಳದೈತಿ ಅಂತ ಒಬ್ಬ ಹುಡುಗ ದಂಡ ಕಟ್ಟಿ ಹೋಗ್ಯಾನ್ರಿ, ಲೆಕ್ಕ ಮುಗದೈತಿ, ಈಗ ನೀವು ತಂದ್ರ ನಾ ಅದನ್ನ ಯಾವ ಪುಟದಾಗ ಹಿಡೀಲಿ, ನೀವೇ ಇಟ್ಕೊಂಡು ಓದ್ರಿ" ಅಂದ್ರು. ಅಂದ್ರ ಆ ಪುಸ್ತಕಕ್ಕ ಯಾರೋ ಹುಡುಗ ಪೂರ್ತಿ ಬೆಲಿ ಕೊಟ್ಟಿದ್ದ, ಪುಸ್ತಕ ಸಿಕ್ಕಿದ್ದು ಮಾತ್ರ ನನಗ. ಈಗೂ ಅದನ್ನ ತೆಗೆದಾಗೊಮ್ಮೆ ಅಂವ ನೆನಪಾಗ್ತಾನ. ಇನ್ನೊಂದು ಸಲ ಹಳ್ಳಿ ಸಾಲಿದೊಂದು ಸಿಕ್ಕಿತ್ತು, ಅವ್ರು ಮಾತ್ರ ವಾಪಸ್ ತೊಗೊಂಡು ಚಾ ಕುಡಿಸಿ ಕಳಿಸಿದ್ರು. ಹಿಂಗ ಕೇಳದೇ ಇದ್ರ ಯಾವ್ದು ಕಳವಿಂದು ಯಾವ್ದು ದಂಡ ಕಟ್ಟಿದ್ದು ಅಂತ ನಿಮಗ ತಿಳಿಯಂಗಿಲ್ಲ.

ಸರ್ಕಾರ ಸಾಲಿ ಮಕ್ಕಳಿಗೆ ಪುಕ್ಕಟೆ ಕೊಡೋ ಪಠ್ಯಪುಸ್ತಕ, ಪ್ರಕಾಶಕ್ರು ಮೇಷ್ಟ್ರಿಗೆ ಕೊಡೋ ಸ್ಪೆಸಿಮೆನ್ ಕಾಪಿ, ಇವು ಮಾರಾಟಕ್ಕಲ್ಲ ಅಂತ ಮ್ಯಾಲೇ ಬರ್ದಿರ್ತಾರ. ಓದಿ ಮುಗಿದ ಒಂದೆರಡು ಪಠ್ಯ ರದ್ದಿಗೆ ಬಂದ್ರ ನಾನು ತಲಿ ಕೆಡಿಸ್ಕೊಳ್ಳಂಗಿಲ್ಲ, ಹಾಳಿ ಬಿಚ್ಚದ ಹೊಸಾ ಕಟ್ಟಿನ್ಯಾಗ ಬಂದ್ರ ಕೈ ಹಚ್ಚಂಗಿಲ್ಲ, ಅದು ಯಾವ್ದೋ ಸಾಲ್ಯಾಗ ಮಕ್ಕಳಿಗೆ ಹೋಗ್ಬೇಕಾಗಿದ್ದು.

ಈಗ ನಕಲಿ. ಭಾಳ ಮಂದಿ ಇಲ್ಲೇ ಮೋಸ ಹೋಗ್ತಾರ, ಅಥವಾ ಗೊತ್ತಿದ್ದೂ ಕಣ್ಣು ಮುಚ್ಕೋತಾರ. ಫುಟ್‌ಪಾತ್ ಮ್ಯಾಲ ಇಂಗ್ಲಿಷ್ ಪುಸ್ತಕ ಸಾಲಾಗಿ ಇಟ್ಟು ಸೆಕೆಂಡ್ ಹ್ಯಾಂಡ್ ಅಂತಾರ, ಎಲ್ಲಾ ಪುಸ್ತಕನೂ ಹೊಸಾದೇ, ಒಂದ್ರಾಗೂ ಯಾರ್ದೂ ಹೆಸರಿಲ್ಲ, ಒಂದೇ ಪುಸ್ತಕದ್ದು ಹತ್ತು ಪ್ರತಿ. ಹತ್ತು ಮಂದಿ ಕೂಡಿ ಒಂದೇ ದಿನ ಓದಿ ಒಂದೇ ಅಂಗಡಿಗೆ ಮಾರಿದ್ರೇನ್ರಿ? ಕೈಯಾಗ ಹಿಡಿದ್ರ ಗೊತ್ತಾಗ್ತೈತಿ: ಹಾಳಿ ತೆಳ್ಳಗ, ಹಿಂದಿನ ಪುಟದ ಅಕ್ಷರ ಮುಂದ ಕಾಣ್ತಾವ, ಫೋಟೋ ಬೂದಿ ಬಡದಂಗ, ಬಾರ್‌ಕೋಡ್ ಗೆರಿ ಒಂದಕ್ಕೊಂದು ಕೂಡ್ಕೊಂಡಿರ್ತಾವ, ಸಾಲು ಸೊಟ್ಟ, ನಡುವ ಒಂದೆರಡು ಪುಟ ಎರಡೆರಡು ಸಲ. ಮೊಬೈಲ್‌ನ್ಯಾಗ ಐಎಸ್‌ಬಿಎನ್, ಅಂದ್ರ ಬಾರ್‌ಕೋಡ್ ಹತ್ರ ಇರೋ ಪುಸ್ತಕದ ನಂಬರು, ಹಾಕಿ ಪುಟದ ಸಂಖ್ಯೆ ಹೊಂದ್ತೈತೇನು ನೋಡ್ರಿ. ಇಂಥಾದ್ರಾಗ ಬರೆದವ್ರಿಗೆ ಮೊದ್ಲನೇ ಸಲನೂ ಏನೂ ಹೋಗಿರಂಗಿಲ್ಲ, ಹಳೇ ಪುಸ್ತಕಕ್ಕೂ ಇದಕ್ಕೂ ಇರೋ ಫರಕು ಇದೊಂದೇ. ಮಾರೋರಿಗೆ ಕಾಯ್ದೆದ 63ನೇ ಕಲಮಿನ ಕೆಳಗ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡದ ತನಕ ಐತಿ. ಆದ್ರ ಹಾದಿ ಮ್ಯಾಲ ಹಾಸ್ಕೊಂಡು ಕುಂತಾಂವ ಕೂಲಿಯಾಂವ, ಅಚ್ಚು ಹಾಕಿದಾಂವ ಎಲ್ಲೋ ಇರ್ತಾನ, ಅದಕ್ಕ ನಾನು ಜಗಳ ಮಾಡಂಗಿಲ್ಲ, ತೊಗೊಳ್ಳಂಗಿಲ್ಲ, ಅಷ್ಟ.

ನಮ್ಮ ಕಡಿ ಇದರದ್ದೇ ಇನ್ನೊಂದು ರೂಪ ಅಂದ್ರ ಕಾಂಪಿಟೇಟಿವ್ ಎಕ್ಸಾಂ ಗೈಡು. ಪಿಡಿಒ ಪಿಎಸ್‌ಐ ಎಫ್‌ಡಿಎ ಅಂತ ಕರೆ ಬಂತಂದ್ರ ಸಾಕು, ಕೋಚಿಂಗ್ ಓಣ್ಯಾಗಿನ ಜೆರಾಕ್ಸ್ ಅಂಗಡ್ಯಾಗ 450 ರೂಪಾಯಿ ಗೈಡು ಸ್ಪೈರಲ್ ಬೈಂಡ್ ಆಗಿ 180ಕ್ಕ ಸಿಗ್ತೈತಿ. ಪಾಠದ ಸಲುವಾಗಿ ಪುಸ್ತಕದ ಭಾಗ ಜೆರಾಕ್ಸ್ ಮಾಡೋದು ತಪ್ಪಲ್ಲ ಅಂತ 2016ರಾಗ ದೆಹಲಿ ಹೈಕೋರ್ಟ್ ಹೇಳೈತಿ ಖರೆ, ಆದ್ರ ಪೂರ್ತಿ ಗೈಡು ಒತ್ತಿ ಅಂಗಡ್ಯಾಗ ಮಾರೋದಕ್ಕ ಆ ಮಾತು ಹೊಂದಂಗಿಲ್ಲ. ಅದ್ರ ಬದ್ಲಿ ಹೋದ ವರ್ಷ ಪಾಸಾದವ್ರನ್ನ ಹಿಡೀರಿ. ನಮ್ಮ ಹಾಸ್ಟೆಲ್ ಹುಡುಗ್ರು ಬಾಗಿಲ ಹಿಂದ ಒಂದು ಹಾಳಿ ಹಚ್ಚಿರ್ತಾರ, ಯಾರ್ ಹತ್ರ ಏನೈತಿ, ಎಷ್ಟಕ್ಕ ಕೊಡ್ತಾರ ಅಂತ. ಬಳ್ಳಾರಿ ರಾಯಚೂರು ಮೆಡಿಕಲ್ ಕಾಲೇಜಿನ ದೊಡ್ಡ ದೊಡ್ಡ ಪುಸ್ತಕನೂ ಹಿಂಗ ಸೀನಿಯರ್ ಕೈಯಿಂದ ಜೂನಿಯರ್ ಕೈಗೆ ಬರ್ತಾವ, ಅಡಿಗೆರಿ ಸಮೇತ, ಯಾವ್ದು ಪರೀಕ್ಷೆಗೆ ಬಂದಿತ್ತು ಅನ್ನೋದೂ ಪುಕ್ಕಟೆ. ಮಾರೋರಿಗೆ ಒಂದು ಮಾತು: ಸಿಲಬಸ್ ಬದ್ಲಾಗಿದ್ರ, ಎಡಿಷನ್ ಹಳೇದಾಗಿದ್ರ ಮೊದ್ಲೇ ಹೇಳ್ರಿ. ಹಳೇ ಪ್ರಚಲಿತ ಘಟನೆ ಪುಸ್ತಕ ಅರ್ಧ ರೇಟಿಗೆ ಮಾರೋದು ನನ್ನ ಲೆಕ್ಕದಾಗ ನಕಲಿ ಮಾರಿದ್ದಕ್ಕಿಂತ ಕೆಟ್ಟದ್ದು, ಆ ಹುಡುಗನ ಒಂದು ವರ್ಷ ಹೋಗ್ತೈತಿ.

ಬೆಲಿ ವಿಷಯ. ರದ್ದಿಯಾಂವ ಮನಿಮನಿಯಿಂದ ಕೆಜಿ ಲೆಕ್ಕದಾಗ ತೊಗೊಂಡು ಬಿಸಲಾಗ ತಳ್ಳೋಗಾಡಿ ತಳ್ಕೊಂಡು ಬಂದಿರ್ತಾನ, ಪುಸ್ತಕಕ್ಕ 20 ಅಂದ್ರ 10ಕ್ಕ ಕೊಡು ಅಂತ ಚೌಕಾಸಿ ಮಾಡಬ್ಯಾಡ್ರಿ, ನೀವು ಅದೇ ದಿನ ಮಾಲ್‌ನ್ಯಾಗ 200 ರೂಪಾಯಿ ಕಾಫಿ ಕುಡಿದು ಬಂದಿರ್ತೀರಿ. ಅಪರೂಪದ್ದು ಸಿಕ್ಕಾಗ ಏನು ಮಾಡ್ಬೇಕು ಅನ್ನೋದು ಗೊಂದಲ. ನಾನು ಅಂಗಡಿಯಾಂವಗ ಹೇಳೇ ಬಿಡ್ತೀನಿ, "ಕಾಕಾ, ಇಂಥಾ ಹಳೇ ಮುದ್ರಣ ಬಂದ್ರ ಹರೀಬ್ಯಾಡ್ರಿ, ಬ್ಯಾರೆ ಇಡ್ರಿ, ರೊಕ್ಕ ಹೆಚ್ಚಿಗಿ ಕೊಡ್ತೀನಿ" ಅಂತ. ಇದ್ರಾಗ ನನ್ನ ಸ್ವಾರ್ಥನೂ ಐತಿ, ಮುಂದಿನ ಸಲ ಅವ್ರೇ ಫೋನ್ ಮಾಡ್ತಾರ.

ಆದ್ರ ಮನಿಯವ್ರ ಹತ್ರ ನೇರ ತೊಗೊಳ್ಳೋವಾಗ ಲೆಕ್ಕ ಬ್ಯಾರೆ. ಅಂಗಡಿಯಾಂವಗ ವ್ಯಾಪಾರ ಗೊತ್ತು, ಗಂಡ ತೀರ್ಕೊಂಡು ಮನಿ ಖಾಲಿ ಮಾಡೋ ಅಜ್ಜಿಗೆ ಗೊತ್ತಿರಂಗಿಲ್ಲ. ನನ್ನ ದೊಡ್ಡ ತಪ್ಪು ಆಗಿದ್ದು ಇಲ್ಲೇ. ರಾಯಚೂರಿನ್ಯಾಗ ಪರಿಚಯದವ್ರ ಮೂಲಕ ಒಂದು ಹಳೇ ಮನಿಗೆ ಹೋಗಿದ್ದೆ, ಅಜ್ಜಾರು ಟೇಪ್ ರಿಕಾರ್ಡರ್ ಹುಚ್ಚಿನವ್ರಂತ, ಒಂದು ತಗಡಿನ ಟ್ರಂಕು ತುಂಬ ಕ್ಯಾಸೆಟ್ಟು, ಹತ್ತಿಪ್ಪತ್ತು ಎಲ್‌ಪಿ, ಅಂದ್ರ ಗ್ರಾಮಾಫೋನಿನ ದೊಡ್ಡ ರಿಕಾರ್ಡು. ಅಜ್ಜಿ ತಗೊಂಡು ಹೋಗಪ್ಪ, ಜಾಗ ಆದ್ರ ಸಾಕು ಅಂದ್ರು, ನಾನು 500 ರೂಪಾಯಿ ಕೊಟ್ಟು ಟ್ರಂಕು ಎತ್ತಿ ಆಟೋದಾಗ ಹಾಕ್ಕೊಂಡೆ, ಒಳಗೊಳಗ ಖುಷಿ, ಅದ್ರಾಗ ಎರಡು ಎಲ್‌ಪಿಗೇ ಅದರ ಎರಡು ಮೂರು ಪಟ್ಟು ಬರ್ತಿತ್ತು ಅಂತ ನನಗ ಗೊತ್ತಿತ್ತು. ಮನಿಗೆ ಬಂದು ಒಂದೊಂದೇ ಹಾಕ್ಕೋತ ಕುಂತೆ. ಒಂದು ಸಿ-60, ಅಂದ್ರ ಒಂದು ತಾಸಿನ ಕ್ಯಾಸೆಟ್ಟು, ಮ್ಯಾಲ ಪೆನ್ನಿಲೆ ಬರೀ "ಮನಿ" ಅಂತ ಬರ್ದಿತ್ತು. ರೀಲು ಸಡಿಲಾಗಿತ್ತು, ಪೆನ್ಸಿಲ್ ಹಾಕಿ ಸುತ್ತಿ ಹಚ್ಚಿದೆ. ಮೊದ್ಲು ಗರಗರ ಸಪ್ಪಳ, ಹಿಂದಿಂದ ಎಲ್ಲೋ ಕುಕ್ಕರ್ ಸೀಟಿ, ಆಮ್ಯಾಲ ಒಬ್ರು ತತ್ವಪದ ಹಾಡ್ತಾರ, ದನಿ ಒಡದೈತಿ, ಆದ್ರ ಬಿಡದೇ ಹಾಡ್ತಾರ, ನಡುವ ಒಂದು ಹೆಣ್ಣಿನ ದನಿ "ಸಾಕು ಬಿಡ್ರಿ, ಓಣ್ಯಾಗೆಲ್ಲ ಕೇಳ್ತೈತಿ" ಅಂದು ನಗ್ತದ. ಆ ದನಿ ನಾನು ಮುಂಜಾನೆ ಬಾಗಿಲದಾಗ ಕೇಳಿದ್ದೇ. ಮುಂದಿನ ವಾರ ವಾಪಸ್ ಹೋದೆ. ಕ್ಯಾಸೆಟ್ಟು ಕೊಟ್ಟೆ, ಅದರದ್ದು ಪೆನ್‌ಡ್ರೈವ್‌ನ್ಯಾಗ ಹಾಕಿಸಿ ಮೊಮ್ಮಗಳ ಫೋನಿಗೂ ಕಳಿಸಿದೆ, ಎಲ್‌ಪಿ ಬೆಲಿನೂ ಹೇಳಿ ಉಳಿದ ರೊಕ್ಕ ಮುಂದಿಟ್ಟೆ. ಅಜ್ಜಿ ರೊಕ್ಕದ ಕಡಿ ನೋಡ್ಲೇ ಇಲ್ಲ, ಮೊಮ್ಮಗಳು ಎತ್ತಿಟ್ಕೊಂಡ್ಲು, ಸ್ವಲ್ಪ ಸಿಟ್ಟಿಲೆ ನನ್ನ ನೋಡಿದ್ಲು, ನೋಡ್ಬೇಕಾದ್ದೇ.

ಅದಕ್ಕ ಮನಿಯವ್ರ ಹತ್ರ ತೊಗೊಳ್ಳೋವಾಗ ಈಗ ಹಿಂಗ ಮಾಡ್ತೀನಿ: ಏನೇನೈತಿ ಅಂತ ಅಲ್ಲೇ ಕುಂತು ಪಟ್ಟಿ ಮಾಡೋದು, ಬೆಲಿ ಬಾಳೋದು ಯಾವ್ದು ಅಂತ ರೊಕ್ಕ ಕೊಡೋ ಮುಂಚೆ ಹೇಳೋದು, ಕೈಬರಹ ಇರೋ ಕ್ಯಾಸೆಟ್ಟೆಲ್ಲ ಬ್ಯಾರೆ ತೆಗೆದು ಇವನ್ನ ಒಮ್ಮೆ ಕೇಳಿ ಆಮ್ಯಾಲ ಕೊಡ್ರಿ ಅನ್ನೋದು. ಅವ್ರ ಹತ್ರ ಟೇಪ್ ಇರಂಗಿಲ್ಲ, ಅದಕ್ಕ ನನ್ನ ಸಣ್ಣ ವಾಕ್‌ಮನ್ ಹೊತ್ಕೊಂಡೇ ಹೋಗ್ತೀನಿ. ಬೂಷ್ಟು ಹಿಡಿದಿದ್ರ, ರೀಲಿನ ಅಂಚಿನ್ಯಾಗ ಬಿಳಿ ಪುಡಿ ಕಂಡ್ರ ಅಲ್ಲಿ ಹಚ್ಚಬ್ಯಾಡ್ರಿ, ಟೇಪಿನ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡ್ತೈತಿ.

ಅಂಗಡಿ ಕ್ಯಾಸೆಟ್ಟು ಅಸಲಿನೋ ನಕಲಿನೋ ನೋಡೋದು ಸುಲಭ. ಕಂಪನಿದು ಆದ್ರ ಹೆಸರು ಪ್ಲಾಸ್ಟಿಕ್ ಮ್ಯಾಲೇ ಅಚ್ಚಾಗಿರ್ತೈತಿ ಇಲ್ಲಾ ನೀಟಾದ ಲೇಬಲ್ ಇರ್ತೈತಿ, ಒಳಗಿನ ಕಾರ್ಡಿನ್ಯಾಗ ಗೀತರಚನೆ, ಸಂಗೀತ, ಗಾಯಕರು ಎಲ್ಲಾರ ಹೆಸರಿರ್ತಾವ, ಮ್ಯಾಲಿನ ಎರಡು ಸಣ್ಣ ಹಲ್ಲು ಕಿತ್ತಿರ್ತಾವ, ಯಾರೂ ಮ್ಯಾಲೆ ರಿಕಾರ್ಡ್ ಮಾಡಬಾರ್ದಂತ. ಸಿಡಿ ಆದ್ರ ಹಿಂದಿನ ಬಣ್ಣ ನೋಡ್ರಿ, ಹಸಿರು ನೀಲಿ ಹೊಳದ್ರ ಮನ್ಯಾಗ ಸುಟ್ಟಿದ್ದು, ಬೆಳ್ಳಿ ಬಣ್ಣ ಇದ್ದು ನಡುವಿನ ಉಂಗುರದಾಗ ಐಎಫ್‌ಪಿಐ ಅಂತ ಸಣ್ಣ ಅಕ್ಷರ ಕಂಡ್ರ ಕಾರ್ಖಾನಿದು. ಬಸ್‌ಸ್ಟ್ಯಾಂಡಿನ್ಯಾಗ ಮಾರ್ತಿದ್ದ 150 ಹಾಡಿನ ಎಂಪಿ3 ಡಿಸ್ಕಿಗೆ ಹಾಡಿದವ್ರಿಗೆ ಆಗೂ ಏನೂ ಹೋಗಿಲ್ಲ, ಈಗ ಅದನ್ನ ನೆನಪಿನ ಸಲುವಾಗಿ ಅಂತ ರೊಕ್ಕ ಕೊಟ್ಟು ತೊಗೊಳ್ಳೋರೂ ಅದಾರ, ಏನ್ ಹೇಳೋದು. ಎಲ್‌ಪಿ ತೊಗೊಂಡ್ರ ಏಪ್ರಿಲ್ ಮೇದಾಗ ಕಾರಿನ್ಯಾಗ ಬಿಟ್ಟು ಹೋಗಬ್ಯಾಡ್ರಿ, ರಾಯಚೂರ ಬಿಸಿಲಿಗೆ ಹಪ್ಪಳ ಆಗ್ತೈತಿ.

ಭಾಳ ಮಂದಿ ತಪ್ಪು ತಿಳ್ಕೊಂಡಿದ್ದು ಒಂದೈತಿ: ಕ್ಯಾಸೆಟ್ಟು ನನ್ನ ಹತ್ರ ಐತಿ, ಅದಕ್ಕ ಯೂಟ್ಯೂಬಿಗೆ ಹಾಕ್ಬೋದು ಅಂತ. ನಿಮ್ಮದು ಪ್ಲಾಸ್ಟಿಕ್ಕು, ಹಾಡಲ್ಲ. ಧ್ವನಿಮುದ್ರಣದ ಹಕ್ಕು ಬಿಡುಗಡೆ ಆದ ಮುಂದಿನ ವರ್ಷದಿಂದ 60 ವರ್ಷ ಇರ್ತೈತಿ, ಹಾಡು ಬರೆದವ್ರದ್ದು ರಾಗ ಹಾಕಿದವ್ರದ್ದು ಬ್ಯಾರೆ ಹಕ್ಕು, ಅದು ಅವ್ರು ತೀರ್ಕೊಂಡ ಮ್ಯಾಲೂ 60 ವರ್ಷ. ನಮ್ಮ ಕಡಿ ಬಯಲಾಟ, ಭಜನಿ, ತತ್ವಪದದ ಕ್ಯಾಸೆಟ್ಟು ಸಣ್ಣ ಸಣ್ಣ ಕಂಪನಿಯವು ಭಾಳ ಬಂದಿದ್ವು, ಭಾಳಷ್ಟು ಈಗ ಮುಚ್ಚಿಹೋಗ್ಯಾವ, ಹಕ್ಕುದಾರ ಯಾರಂತ ಹುಡುಕೋದೂ ಕಷ್ಟ. ಇಂಥಾದ್ದು ಸಿಕ್ಕಾಗ ನಾನು ಮೊದ್ಲು ಮೇಳದ ಊರು ಹುಡುಕ್ತೀನಿ, ಕಾರ್ಡಿನ ಹಿಂದ ಊರ ಹೆಸರು ಇದ್ದೇ ಇರ್ತೈತಿ. ಹಾಡಿದವ್ರೋ ಅವ್ರ ಮಕ್ಕಳೋ ಸಿಗ್ತಾರ, ಅವ್ರ ಹತ್ರನೇ ಒಂದು ಪ್ರತಿ ಇರಂಗಿಲ್ಲ. ಮೊದ್ಲು ಅವ್ರಿಗೆ ಕೊಡ್ರಿ, ನೆಟ್ಟಿಗೆ ಹಾಕ್ಲೋ ಬ್ಯಾಡೋ ಅವ್ರನ್ನ ಕೇಳ್ರಿ, ಕಂಪನಿ ಇನ್ನೂ ಇದ್ರ ಅವ್ರನ್ನೂ ಕೇಳ್ರಿ. ಹಳೇ ಕ್ಯಾಸೆಟ್ಟಿನಿಂದ ಅವ್ರಿಗೆ ರೊಕ್ಕ ಹೋಗ್ಲಿಲ್ಲ ಅಂತ ಬ್ಯಾಸರ ಇದ್ರ ಊರ ಜಾತ್ರಿಗೆ ಅವ್ರನ್ನ ಕರಸ್ರಿ, ಬಸ್ ಚಾರ್ಜು ಬ್ಯಾರೆ ಕೊಡ್ರಿ, ಶಾಲು ಹಾರ ಕಡಿಮಿ ಆದ್ರೂ ನಡೀತೈತಿ.

ಕೊನೀದು, ಪುಸ್ತಕದ ಒಳಗ ಸಿಗೋ ಸಾಮಾನು. ಮದಿವಿ ಉಡುಗೊರಿ ಅಂತ ಬರ್ದಿರ್ತಾರ, ಲೇಖಕರೇ ಸಹಿ ಹಾಕಿ ಇಂಥವ್ರಿಗೆ ಪ್ರೀತಿಯಿಂದ ಅಂತ ಕೊಟ್ಟ ಗೌರವ ಪ್ರತಿನೂ ರದ್ದಿಗೆ ಬಂದಿರ್ತೈತಿ. ಅದರ ಫೋಟೋ ತೆಗೆದು ನೋಡ್ರಿ ಇವ್ರು ಹೆಂಗ ಮಾರ್ಯಾರ ಅಂತ ಸ್ಟೇಟಸ್ ಹಾಕೋರು ಅದಾರ, ದಯಮಾಡಿ ಬ್ಯಾಡ್ರಿ, ಅವ್ರು ತೀರ್ಕೊಂಡು ಮಕ್ಕಳು ಹಾಕಿರ್ಬೋದು, ಮನಿ ಸೋರಿ ಎಲ್ಲಾ ಒಮ್ಮೆ ಹೋಗಿರ್ಬೋದು. ಕಾಗದ, ಫೋಟೋ, ಬ್ಯಾಂಕಿನ ಚೀಟಿ ಸಿಕ್ರ, ವಿಳಾಸ ಇದ್ರ ಪೋಸ್ಟಿಗೆ ಹಾಕ್ರಿ, ಇಲ್ಲಂದ್ರ ಅದೇ ಪುಟದಾಗ ಬಿಡ್ರಿ. ನೀವು ಮಾರೋವಾಗ್ಲೂ ಒಮ್ಮೆ ಪುಸ್ತಕ ತಲಿಕೆಳಗ ಹಿಡಿದು ಝಾಡಿಸ್ರಿ. ನಾನು ಝಾಡಿಸ್ದೇ ಕೊಟ್ಟ ಒಂದು ವ್ಯಾಕರಣ ಪುಸ್ತಕದಾಗ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಹೋಗಿತ್ತು, ಆರು ತಿಂಗಳ ಮ್ಯಾಲ ಗಂಗಾವತಿಯಿಂದ ಯಾರೋ ಪುಣ್ಯಾತ್ಮರು ಲಕೋಟಿದಾಗ ಹಾಕಿ ಕಳಿಸಿದ್ರು, ಗಣಿತದ 38ಕ್ಕ ಪೆನ್ಸಿಲ್ಲಿಲೆ ಒಂದು ಸಣ್ಣ ಗುಂಡು ಹಾಕಿತ್ತು.